ಪಾಲಾದ ಬೀಸುಕಲ್ಲು

...ಕಪ್ಪಗಿತ್ತು ಎಂದು ಬರೆದು, ಆ ಪದವನ್ನು ಹೊಡೆದುಹಾಕಿದೆ. ಯಾಕೆಂದರೆ ಆ ಬೀಸುಕಲ್ಲಿನ ಕೆಳಗಿನ ಅರ್ಧ ಈಗಲೂ ಶಿಗ್ಗಾಂವದ ನಮ್ಮ ಹಿತ್ತಲಲ್ಲಿದೆ, ಮತ್ತು ಅದು ಕಪ್ಪಗಿಲ್ಲ. ಬೂದಿ ಬಣ್ಣ, ಮಳೆ ಬಿದ್ದಾಗ ಮಾತ್ರ ತುಸು ನೀಲಿ. ಬಹಳ ವರ್ಷ ಅದರ ಮೇಲೆ ಒಂದು ಕರಿಬೇವಿನ ಕುಂಡ ಕೂತಿತ್ತು. ನನ್ನ ನೆನಪಿನಲ್ಲಿ ಮಾತ್ರ ಅದು ಎಣ್ಣೆ ಹಚ್ಚಿದ ಹಾಗೆ ಕಪ್ಪು. ಅದರ ಆಚೆ ಅವ್ವ, ಈಚೆ ದೊಡ್ಡವ್ವ, ಇಬ್ಬರ ಕೈಯೂ ಒಂದೇ ಗೂಟದ ಮೇಲೆ. ಕಲ್ಲು ತಿರುಗುತ್ತಿದೆ, ಸುತ್ತಲೂ ಹಿಟ್ಟು ಬೀಳುತ್ತಿದೆ.

ಈ ಚಿತ್ರವಾದರೂ ನನ್ನದೇ ಎಂದು ಹೇಗೆ ಹೇಳಲಿ? ಕೆಲವು ವರ್ಷಗಳ ಹಿಂದೆ ಮನೆಮಂದಿಯೆಲ್ಲ ಗೊಟಗೋಡಿಯ ರಾಕ್ ಗಾರ್ಡನ್ನಿಗೆ ಹೋಗಿದ್ದೆವು. ಅಲ್ಲಿ ಹಳ್ಳಿಯ ಜನರ ಆಳೆತ್ತರದ ಬೊಂಬೆಗಳಿವೆ. ಅವುಗಳಲ್ಲಿ ಬೀಸುತ್ತಿದ್ದ ಇಬ್ಬರು ಹೆಂಗಸರೂ ಇದ್ದರು, ಅಥವಾ ಅವರು ಕುಟ್ಟುತ್ತಿದ್ದರೋ. ನಾನು ಬಹಳ ಹೊತ್ತು ಅವರ ಮುಂದೆ ನಿಂತಿದ್ದೆನಂತೆ. ಅಲ್ಲಿಂದ ಎತ್ತಿಕೊಂಡು ಬಂದು, ಆ ಬೊಂಬೆಗಳಿಗೆ ನಮ್ಮವರ ಮುಖ ಅಂಟಿಸಿ ಬಾಲ್ಯದಲ್ಲಿ ಕೂರಿಸಿಕೊಂಡಿರಬಹುದು. ಫೋನಿನಲ್ಲಿ ಅಣ್ಣನನ್ನು ಕೇಳಿದೆ. "ನಿನಗ ಹುಚ್ಚ. ಅವರಿಬ್ರೂ ಕೂಡಿ ಬೀಸಿದ್ದು ನಾ ಒಮ್ಮೆನೂ ನೋಡಿಲ್ಲ" ಎಂದ. ಅಣ್ಣ ನನಗಿಂತ ದೊಡ್ಡವನು. ಆದರೆ ಅಡುಗೆಮನೆಯ ಕಡೆ ಉಣ್ಣುವುದಕ್ಕಲ್ಲದೆ ತಲೆ ಹಾಕಿದವನೇ ಅಲ್ಲ.

ಇದೆಲ್ಲ ಶುರುವಾದದ್ದು ಒಂದು ಹರಳಿನಿಂದ. ಹೈವೇ ಪಕ್ಕದ ಖಾನಾವಳಿಯೊಂದರಲ್ಲಿ ಕಡಕ್ ಅಲ್ಲದ, ಆಗಷ್ಟೇ ಬಡಿದ ಬಿಸಿ ರೊಟ್ಟಿಯ ಮೊದಲ ತುತ್ತಿಗೇ ಹಲ್ಲಿನ ಸಂದಿಯಲ್ಲಿ 'ಕರ್' ಎಂದಿತು. ನಿಮಗೂ ಆಗಿರುತ್ತದೆ: ಆ ಸದ್ದು ಕಿವಿಯಿಂದ ಬರುವುದಿಲ್ಲ, ತಲೆಬುರುಡೆಯ ಒಳಗಿನಿಂದಲೇ ಬರುತ್ತದೆ. ನನ್ನ ಮುಖ ನೋಡಿ ಬಡಿಸುವಾಕೆ ಓಡಿ ಬಂದಳು.

"ಹಳ್ಳು ಬಂತೇನ್ರಿ ಅಕ್ಕಾರ? ತರ್ರಿ ಇಲ್ಲಿ, ಬ್ಯಾರೆ ರೊಟ್ಟಿ ಕೊಡ್ತೇನಿ."

"ಬ್ಯಾಡ ಬಿಡವ್ವಾ, ಇರಲಿ."

"ಇರಲಿ ಅಂದ್ರ? ಹಲ್ಲು ಹೋದ್ರ ನಮ್ಮ ಹೆಸರು ಹೇಳ್ತೀರಿ!"

ನಾನು ಆ ರೊಟ್ಟಿಯನ್ನು ಪೂರ್ತಿ ತಿಂದೆ. ಇನ್ನೊಂದು ಹರಳು ಸಿಕ್ಕೀತೇ ಎಂದು ನಿಧಾನವಾಗಿ ಅಗಿದೆ ಎಂದರೆ ನಗಬೇಡಿ. ನನ್ನ ಬಾಲ್ಯದ ರೊಟ್ಟಿಯ ರುಚಿಯೇ ಅದು. ನಮ್ಮ ಮನೆಯಲ್ಲಿ ವರ್ಷಗಟ್ಟಲೆ ಕಲ್ಲು ತಿಂದೆವು, ಕಲ್ಲು ಪಾಲಾದದ್ದರಿಂದ.

ನಾವು ಬೆಳೆದ ಸವಣೂರಿನ ಆ ಮನೆಯಲ್ಲಿ ಕಬ್ಬಿಣಕ್ಕಿಂತ ಕಲ್ಲಿನ ದುಡಿಮೆಯೇ ಹೆಚ್ಚು. ಹಿತ್ತಲ ಬಾಗಿಲ ಬಳಿ ಒಂದು ಮಸೆಯುವ ಕಲ್ಲು ಇತ್ತು, ಕುಡಗೋಲು ಈಳಿಗೆಗಳನ್ನು ಚೂಪು ಮಾಡಿ ಮಾಡಿ ತಾನು ನಡುವೆ ತಗ್ಗಾಗಿ ದೋಣಿಯಂತಾಗಿತ್ತು. ಬಚ್ಚಲಲ್ಲಿ ತೂತು ತೂತಿನ ಒರಟು ಕಲ್ಲು. ಹಿಮ್ಮಡಿಯ ಒಡಕಿಗೆ ಅದೇ ಔಷಧ, ನಮ್ಮ ಮೊಣಕಾಲಿನ ಕೊಳೆಗೆ ಅದೇ ಶಿಕ್ಷೆ. ಬಟ್ಟೆ ಒಗೆಯುವ ಬಂಡೆಗೆ ಎಷ್ಟು ಬಿಸಿಲು ಬಿದ್ದರೂ ಅಡಿಯಲ್ಲಿ ಸದಾ ತಣ್ಣಗೆ, ಅಲ್ಲೊಂದು ಕಪ್ಪೆ. ಸಾರು ಮಾಡುವುದಕ್ಕೆ ಬಳಪದ ಕಲ್ಲಿನ ಚಟ್ಟಿ. ಆ ಕಲ್ಲು ಬಿಸಿಯಾಗುವುದೂ ತಡ, ಆರುವುದೂ ತಡ. ಒಲೆಯಿಂದ ಇಳಿಸಿದ ಎಷ್ಟೋ ಹೊತ್ತಿನವರೆಗೆ ಸಾರು ತನ್ನಷ್ಟಕ್ಕೆ ಕುದಿಯುತ್ತಿತ್ತು. ಸಿಟ್ಟು ಬೇಗ ಇಳಿಯದವರಿಗೆ ಅಪ್ಪ ಇಟ್ಟಿದ್ದ ಹೆಸರು ಕಲ್ಲಚಟ್ಟಿ. ಅವ್ವನಿಗೆ ಕೇಳದಂತೆ ಹೇಳುತ್ತಿದ್ದ.

ಬಳಪದ ಕಲ್ಲು ಉಗುರಿಗೂ ಗೀರು ಬೀಳುವಷ್ಟು ಮೆತ್ತಗೆ. ನಾವು ಅದರಿಂದ ಪಾಟಿಯ ಮೇಲೆ ಬರೆದದ್ದಕ್ಕಿಂತ ತಿಂದದ್ದೇ ಹೆಚ್ಚು. ಆಮೇಲೆ ಶಾಲೆಯಿಂದ ಹಾನಗಲ್ಲಿಗೆ ಕರೆದುಕೊಂಡು ಹೋದಾಗ ಹಳೆಯ ಗುಡಿಯ ಕಂಬಗಳಲ್ಲಿ ನಮ್ಮ ಮುಖಗಳು ಗಿಡ್ಡಾಗಿ, ಉದ್ದಾಗಿ, ಅಡ್ಡಾಗಿ ಕಂಡವು. "ಇದೂ ಬಳಪದ ಕಲ್ಲಿನ ಜಾತಿನ. ಮೆತ್ತಗಿರೋದಕ್ಕ ಹಿಂಗ ತಿರುಗಿಸಿ ಕಡಿಯಾಕ ಬರ್ತದ" ಎಂದರು ಮಾಸ್ತರು. ಯಾರೋ ಹಿಂದಿನಿಂದ, "ಸರ್, ಇದನ್ನೂ ತಿನ್ನಬಹುದೇನ್ರಿ?" ಎಂದರು. ಮಾಸ್ತರು ಕಿವಿ ಹಿಂಡಿದ್ದು ನನ್ನದನ್ನು. ಕೇಳಿದವಳು ನಾನೇ ಇರಬಹುದು. ಈಗ ಅದೂ ಖಚಿತವಿಲ್ಲ.

ಬೀಸುಕಲ್ಲಿನ ಮಾತು ಬೇರೆ. ಅದಕ್ಕೆ ಗಟ್ಟಿ ಕಲ್ಲೇ ಬೇಕು, ಬರಿ ಗಟ್ಟಿಯಾದರೂ ಸಾಲದು. ಮೇಲಿನದೂ ಕೆಳಗಿನದೂ ಒಂದೇ ಬಂಡೆಯಿಂದ ಎದ್ದಿರಬೇಕು. ಆಗ ಎರಡೂ ಸಮಸಮವಾಗಿ ಸವೆಯುತ್ತವೆ, ಅಂದರೆ ಸವೆಯುವುದು ಯಾರಿಗೂ ಗೊತ್ತಾಗುವುದಿಲ್ಲ. ಒಂದು ಗಟ್ಟಿ ಒಂದು ಮೆದುವಾದರೆ ಗಟ್ಟಿಯದು ಮೆದುವಿನದನ್ನು ತಿನ್ನುತ್ತದೆ. ತಿಂದದ್ದು ಹಿಟ್ಟಿನಲ್ಲಿ ಬರುತ್ತದೆ.

ಅಪ್ಪ ಮತ್ತು ದೊಡ್ಡಪ್ಪ ಬೇರೆಯಾಗುವಾಗ ಹೊಲ, ಎತ್ತು, ಪಾತ್ರೆ ಪಡಗ ಎಲ್ಲ ಜಗಳವಿಲ್ಲದೆ ಹಂಚಿಹೋದವಂತೆ. ರುಬ್ಬುವ ಒಳಕಲ್ಲು ನೆಲದಲ್ಲಿ ಹೂತದ್ದು, ಮನೆ ಯಾರಿಗೋ ಅದು ಅವರಿಗೆ. ಕೊನೆಗೆ ಉಳಿದದ್ದು ಬೀಸುಕಲ್ಲು. ನಡುವೆ ಕೂತ ಹಿರಿಯರೊಬ್ಬರು ಎಲೆಗೆ ಸುಣ್ಣ ಹಚ್ಚುತ್ತ, "ಎರಡ ಕಲ್ಲ ಅದಾವಲ್ಲ? ಹಿರಿ ಸೊಸಿಗೆ ಮ್ಯಾಲಿಂದು, ಕಿರಿ ಸೊಸಿಗೆ ಕೆಳಗಿಂದು. ಮುಗೀತು, ಏಳ್ರಿ" ಎಂದರು.

ಒಂದು ದಿನವೂ ಬೀಸಿದವರಲ್ಲ ಅವರು. ಎಣಿಸಿ ನೋಡಿದರು, ಎರಡಿದ್ದವು, ಹಂಚಿದರು. ಅಡುಗೆಮನೆಯ ಬಾಗಿಲಲ್ಲಿ ನಿಂತ ಇಬ್ಬರಿಗೂ ಅದು ಎಂಥ ಮಾತೆಂದು ಗೊತ್ತಿತ್ತು. ಇಬ್ಬರಲ್ಲಿ ಒಬ್ಬಳು ನಕ್ಕಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಬಾಯಿ ಬಿಟ್ಟವಳು "ಹಂಗಾದ್ರ ಎರಡೂ ಆಕಿಗೇ ಇರಲಿ" ಎನ್ನಬೇಕಾಗುತ್ತಿತ್ತಲ್ಲ. ಯಾರೂ ಬಾಯಿ ಬಿಡಲಿಲ್ಲ. ದೊಡ್ಡವ್ವ ಮೇಲಿನ ಕಲ್ಲನ್ನು ಚಕ್ಕಡಿಗೆ ಹೇರಿಸಿದಳು. ಸ್ವಲ್ಪ ದಿನದಲ್ಲೇ ಅವರು ಊರನ್ನೇ ಬಿಟ್ಟು ಹಿರೇಕೆರೂರಿನ ಕಡೆ, ಅಬಲೂರಿನ ಹತ್ತಿರದ ಊರಿಗೆ, ಹೊಲ ನೋಡಿಕೊಂಡು ಹೋದರು.

"ಆಕಿ ಮಾತಾಡ್ತಾಳೇನಂತ ನೋಡಿದೆ. ಆಡ್ಲಿಲ್ಲ. ನಾ ಯಾಕ ಆಡ್ಲಿ?" ಇದು ಅವ್ವ ಯಾವಾಗಲೂ ಹೇಳುತ್ತಿದ್ದ ಮಾತು. ಈ ಒಂದು ವಾಕ್ಯದ ಬಗ್ಗೆ ಮಾತ್ರ ನನಗೆ ಅನುಮಾನವಿಲ್ಲ, ಅಷ್ಟು ಸಲ ಕೇಳಿದ್ದೇನೆ.

ಅವ್ವ ಸಂತೆಯಲ್ಲಿ ಹೊಸ ಮೇಲ್ಗಲ್ಲು ಕೊಂಡಳು. "ಹಗರ ಐತ್ರಿ ಅಕ್ಕಾರ, ರಟ್ಟಿ ನೋಯಂಗಿಲ್ಲ ನೋಡ್ರಿ" ಎಂದಿದ್ದನಂತೆ ಮಾರುವವನು. ನಿಜ ಹೇಳಿದ್ದ. ಹಗುರ ಕಲ್ಲು, ಮೆದು ಕಲ್ಲು, ಹಳೆಯ ಕೆಳಗಲ್ಲಿನ ಮೇಲೆ ಗರಗರ ಸವೆದು ನಮ್ಮ ನುಚ್ಚಿಗೆ, ರೊಟ್ಟಿಗೆ ಸೇರಿತು. ಓಣಿಯ ತುದಿಗೆ ಗಿರಣಿ ಇತ್ತು. ಆದರೆ ಗಿರಣಿಯಲ್ಲಿ ಹಿಟ್ಟು ಕಾಯುತ್ತದೆ, ಕಾದ ಹಿಟ್ಟಿಗೆ ಜಿಗಿ ಇರುವುದಿಲ್ಲ, ರೊಟ್ಟಿ ಹರಿಯುತ್ತದೆ ಎಂಬುದು ಅವ್ವನ ವಾದ. ನಿಜವಾದ ಕಾರಣ ಬೇರೆ ಎಂದು ಈಗ ಅನಿಸುತ್ತದೆ. ಗಿರಣಿಗೆ ಹೋದರೆ ಬೀಸುಕಲ್ಲು ಕೆಟ್ಟಿದೆ ಎಂದು ಒಪ್ಪಿಕೊಂಡ ಹಾಗೆ.

ಅಪ್ಪ ತುತ್ತು ನಿಲ್ಲಿಸಿ, "ಇನ್ನ ಸ್ವಲ್ಪ ದಿನ ಉಂಡ್ರ ನನ್ನ ಹೊಟ್ಯಾಗ ಒಂದು ಕಟ್ಟಿ ಕಟ್ಟಬಹುದು" ಎನ್ನುತ್ತಿದ್ದ.

"ಜೋಳದಾಗಿನ ಹಳ್ಳು ಅದು. ನೋಡಿ ತರಾಕ ನಿಮಗ ಕಣ್ಣಿಲ್ಲ."

"ಜೋಳ ನಮ್ಮ ಹೊಲದ್ದ ಐತೆಲ್ಲ?"

"ಹೊಲದಾಗೂ ಹಳ್ಳು ಐತಿ."

ಬೀಸುಕಲ್ಲು ನುಣುಪಾದಾಗ ಚಾಣ ಸುತ್ತಿಗೆ ಹಿಡಿದು ಮುಳ್ಳು ಹಾಕುವವಳೊಬ್ಬಳು ಬರುತ್ತಿದ್ದಳು. ಮುಳ್ಳು ಹಾಕುವುದೆಂದರೆ ಕಲ್ಲಿನ ಮೈಯನ್ನು ಚುಚ್ಚಿ ಚುಚ್ಚಿ ಮತ್ತೆ ಒರಟು ಮಾಡುವುದು. ಮಾತಿನಲ್ಲಿ ಅವಳದು ಬಹಳ ಜೋರು. ನಮ್ಮ ಕಲ್ಲುಗಳಿಗೆ ಒಂದೊಂದು ಪೆಟ್ಟು ಕೊಟ್ಟು, ಸದ್ದು ಕೇಳಿ, ನಕ್ಕುಬಿಟ್ಟಳು.

"ಇವು ಗಂಡ ಹೆಂಡ್ತಿ ಅಲ್ಲ ಬಿಡ್ರಿ ಯವ್ವಾ. ಮ್ಯಾಲಿನಾಕಿ ತನ್ನ ಮೈ ನಿಮಗ ತಿನಸಾಕತ್ತಾಳ."

"ನಿನ್ನ ಕೆಲಸ ಮುಳ್ಳ ಹಾಕೋದು. ಲಗ್ನ ಮಾಡ್ಸೋದಲ್ಲ" ಎಂದಳು ಅವ್ವ.

ಆಕೆ ಇನ್ನೂ ನಗುತ್ತ ಮುಳ್ಳು ಹಾಕಿದಳು. ಅವ್ವ ಒಳಗೆ ಹೋದಳು, ಬಹಳ ಹೊತ್ತು ಹೊರಗೆ ಬರಲಿಲ್ಲ. ಅತ್ತಳೇ? ಬರೆಯುವ ಕೈಗೆ ಅತ್ತಳು ಎಂದು ಬರೆಯುವ ಆಸೆ. ಆದರೆ ನಾನು ಹೊರಗೆ ಕಲ್ಲಿನ ಕಿಡಿ ನೋಡುತ್ತ ಕೂತಿದ್ದೆ.

ಅವ್ವ ಹೋಗಿ ಬಹಳ ವರ್ಷವಾಯಿತು. ಆ ಮನೆ ಮಾರಿದಾಗ ಕೆಳಗಲ್ಲು ಒಂದನ್ನು ನಾನು ತಂದೆ. ಸಂತೆಯ ಮೇಲ್ಗಲ್ಲು ಅಷ್ಟರಲ್ಲಿ ಹಪ್ಪಳದಷ್ಟಾಗಿ ಒಡೆದಿತ್ತು. ಅದರ ಬಹುಭಾಗ ನಮ್ಮ ಹೊಟ್ಟೆಯಲ್ಲೇ ಇತ್ತು. ಖಾನಾವಳಿಯಿಂದ ಬಂದ ಸಂಜೆ ಕುಂಡ ಇಳಿಸಿ ಆ ಕೆಳಗಲ್ಲನ್ನು ತೊಳೆದೆ. ಅದರ ನಿಜವಾದ ಜೋಡಿ ಇನ್ನೂ ಇದೆಯೇ? ಇದ್ದರೆ ಎರಡೂ ಕೂಡಿ ತಿರುಗಿದರೆ ಹಿಟ್ಟು ಶುದ್ಧವಾಗಿ ಬಂದೀತೇ? ಬಂದರೆ, ಅವ್ವ ಅಷ್ಟು ವರ್ಷ ಒಳಗೊಳಗೇ ಕುದಿದದ್ದಕ್ಕೆ ಒಂದು ಅರ್ಥವಿತ್ತು ಎಂದಾಗುತ್ತದೆ. ಹೀಗೆ ಲೆಕ್ಕ ಹಾಕಿ, ಮಾರನೆಯ ದಿನ ಹಿರೇಕೆರೂರಿನ ಬಸ್ಸು ಹತ್ತಿದೆ.

ದೊಡ್ಡವ್ವ ಅಂಗಳದಲ್ಲಿ ಮೊಮ್ಮಗಳ ಮಗುವಿಗೆ ನೆಲಗಡಲೆ ಸುಲಿದು ಕೊಡುತ್ತಿದ್ದಳು. ಸೊಸೆ ಚಹಾ ತಂದಳು. ಕಾಲು ತೊಳೆಯಲು ನಳದ ಕೆಳಗೆ ನಿಂತೆ. ಕಾಲ ಕೆಳಗಿನ ದುಂಡು ಕಲ್ಲಿನ ನಡುವಿನ ತೂತಿನಲ್ಲಿ ನೀರು ಗುಳುಗುಳು ಇಳಿದುಹೋಯಿತು. ನಾನು ಕಾಲು ಹಿಂದಕ್ಕೆ ತೆಗೆದುಕೊಂಡೆ. ಜೋಳ ಹಾಕುವ ಬಾಯಿ ಅದು.

"ಅದನ್ನ ನೋಡಾಕ ಬಂದೀ ಹೌದಿಲ್ಲ?" ಎಂದಳು ದೊಡ್ಡವ್ವ, ತಲೆ ಎತ್ತದೆ. "ಮುದುಕೀನ ನೋಡಾಕಂತೂ ಅಲ್ಲ."

"ಎರಡಕ್ಕೂ ದೊಡ್ಡವ್ವಾ."

"ಸುಳ್ಳ ಹೇಳೂದರಾಗ ಥೇಟ ನಿಮ್ಮಪ್ಪ. ಚಹಾ ಕುಡಿ, ಆರತೈತಿ."

ಕೇಳಿಯೇಬಿಟ್ಟೆ. ಕಲ್ಲು ಪಾಲಾದಂದು ನೀನು ಯಾಕೆ ಸುಮ್ಮನಿದ್ದೆ?

ಅವಳು ಕೈಯಲ್ಲಿದ್ದ ಸಿಪ್ಪೆ ಕೊಡವಿದಳು. "ಒಂದೊಂದ ಕಲ್ಲ ಒಂದೊಂದ ಮನ್ಯಾಗಿದ್ರ ಬೀಸಾಕಾರ ನಿಮ್ಮವ್ವ ಬರ್ತಾಳ, ಇಲ್ಲಾ ನಾ ಹೋಗ್ತೇನಿ, ಅಂತ ಸುಮ್ನಿದ್ದೆ. ಆಗ ನಿಮ್ಮ ದೊಡ್ಡಪ್ಪ ಅದ ಓಣ್ಯಾಗ ಮನಿ ಹಿಡಿತೇನಿ ಅಂದಿದ್ರು. ಈ ಊರಿನ ಹೊಲದ ಮಾತು ಆಮ್ಯಾಲೆ ಬಂತು."

"ಅವ್ವಗ ಹೇಳಬೇಕಿತ್ತಲ್ಲ?"

"ಹೇಳಿದ್ರ ಬರ್ತಿದ್ಲೇನ? ಕಲ್ಲಚಟ್ಟಿ ಅದು." ಇನ್ನೊಂದು ಕಾಯಿ ಸುಲಿಯುತ್ತ, "ನಾವೂ ಇಲ್ಲಿ ಹಳ್ಳು ತಿಂದೇವಿ. ನಿಮ್ಮವ್ವಗ ಹೇಳಲಿಲ್ಲ ಅಷ್ಟ" ಎಂದಳು.

ಎಷ್ಟು ಚೆಂದದ ಉತ್ತರ. ಅಷ್ಟು ಚೆಂದವಾಗಿದ್ದಕ್ಕೇ ನನಗೆ ಅನುಮಾನ. ಇಷ್ಟು ವರ್ಷ ಮನಸ್ಸಿನಲ್ಲಿ ತಿರುಗಿಸಿ ತಿರುಗಿಸಿ ನುಣುಪಾದ ಮಾತೋ, ಅಂದೇ ಹಾಗಿತ್ತೋ? ಆದರೆ ಅವಳನ್ನು ಅನುಮಾನಿಸುವ ನಾನು ಏನು ಮಾಡಿದೆ ಗೊತ್ತೇ? "ಅವ್ವನೂ ಅದನ್ನೇ ಅಂತಿದ್ಲು, ನೀ ಬರ್ತೀ ಅಂತ ದಾರಿ ನೋಡ್ತಿದ್ದೆ ಅಂತ" ಎಂದುಬಿಟ್ಟೆ. ಅವ್ವ ಹಾಗೆ ಎಂದೂ ಹೇಳಿದ್ದು ನನಗೆ ನೆನಪಿಲ್ಲ. ಹೇಳಿರಲೇ ಇಲ್ಲ ಎನ್ನುವುದಕ್ಕೂ ಧೈರ್ಯವಿಲ್ಲ.

ದೊಡ್ಡವ್ವ ನನ್ನನ್ನು ದಿಟ್ಟಿಸಿ ನೋಡಿದಳು. ಆಮೇಲೆ ಸೊಸೆಯನ್ನು ಕರೆದು, "ಆ ಕಲ್ಲ ಎಬ್ಬಸ್ರಿ. ಇಕಿ ಒಯ್ಯಲಿ" ಎಂದಳು.

ಬಸ್ಸಿನಲ್ಲಿ ಗೋಣಿಚೀಲದ ಗಂಟನ್ನು ಕಂಡಕ್ಟರು ಕಾಲಿನಿಂದ ಮುಟ್ಟಿ ನೋಡಿದ. "ಏನ್ರಿ ಇದು, ದೇವರೇನ್ರಿ?" ಅರ್ಧ ಬೀಸುಕಲ್ಲು ಎಂದೆ. "ಅರ್ಧ ಐತೆಲ್ರಿ? ಹಂಗಾದ್ರ ಅರ್ಧ ಟಿಕೇಟ್" ಎಂದ. ಹಿಂದಿನ ಸೀಟಿನವರೆಲ್ಲ ನಕ್ಕರು, ನಾನೂ ನಕ್ಕೆ. ಹಿರಿಯರ ಮಾತಿಗೆ ಅಂದು ಯಾರೂ ನಗದಿದ್ದುದು ಆಗ ನೆನಪಾಯಿತು.

ಹಿತ್ತಲಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟೆ. ಮೇಲಿನದು ಕಪ್ಪು. ನೆನಪಿನಲ್ಲಿದ್ದ ಅದೇ ಕಪ್ಪು. ಕೆಳಗಿನದು ಬೂದಿ. ನೀರಿನಲ್ಲಿ ನೆಂದು ಒಂದು ಕಪ್ಪಾಯಿತೋ, ಬಿಸಿಲಿಗೆ ಒಣಗಿ ಇನ್ನೊಂದು ಬಿಳಿಚಿತೋ, ಅಥವಾ ಇವು ಮೊದಲಿನಿಂದಲೂ ಬೇರೆ ಬೇರೆ ಬಂಡೆಯವೋ. ಎತ್ತಿ ಕೂರಿಸಿದೆ. ನಡುವಿನ ಮೊಳೆಗೆ ತೂತು ಹಿಡಿಯಿತು. ಹೊಸ ಗೂಟ ಬಡಿದು, ಒಂದು ಹಿಡಿ ಜೋಳ ಹಾಕಿ ತಿರುಗಿಸಿದೆ. ತಿರುಗಿತು. ಒಂದು ಕಡೆ ಮಾತ್ರ ಸ್ವಲ್ಪ ಎದ್ದು ಕೂರುತ್ತಿತ್ತು. ಎದುರಿಗೆ ಇನ್ನೊಬ್ಬರು ಕೂತಿದ್ದರೆ ಆ ಕುಣಿತ ನಿಲ್ಲುತ್ತಿತ್ತೇನೋ. ಹಿಟ್ಟನ್ನು ಬೆರಳಿನಲ್ಲಿ ತೆಗೆದು ನಾಲಿಗೆಗೆ ಇಟ್ಟೆ, ಅಗಿದೆ.

ಕರ್.

ಸಂಜೆ ದೊಡ್ಡವ್ವನ ಫೋನು. ಹಲೋ ಎನ್ನುವ ಮೊದಲೇ, "ಕುಂತಾವೇನ?" ಎಂದಳು.

"ಕುಂತಾವು ದೊಡ್ಡವ್ವಾ."

"ಹಳ್ಳು?"

"ಬಂತು" ಎಂದೆ. ಅವಳು ನಕ್ಕಳು, ಆ ನಗುವಿಗೆ ಕೆಮ್ಮು ಬಂತು. "ಹೊಂದಾಕ ಟೈಮ್ ಬೇಕು ಹುಚ್ಚಿ. ಮುಳ್ಳ ಹಾಕ್ಸಿ ಇಡು. ರವಿವಾರ ಬರ್ತೇನಿ. ಅಲ್ಲೀ ತನಕ ಒಬ್ಬಾಕಿನ ಬೀಸಬ್ಯಾಡ."

ಮುಳ್ಳು ಹಾಕುವವರು ಈಗ ಎಲ್ಲಿ ಸಿಗುತ್ತಾರೋ, ಹುಡುಕಬೇಕು. ಈ ಎರಡು ಕಲ್ಲುಗಳು ಒಂದೇ ಬಂಡೆಯವೋ ಅಲ್ಲವೋ, ನನಗೆ ಗೊತ್ತಿಲ್ಲ. ಅವ್ವ ದಾರಿ ನೋಡಿದ್ದಳೋ ಇಲ್ಲವೋ, ಅದೂ ಗೊತ್ತಿಲ್ಲ.