ಬೋರಣ್ಣ ಕೇಳಿದ ರೇಸು

ಮದ್ದೂರಿನ ಮೆಕ್ಯಾನಿಕ್ ಬೋರಣ್ಣನ ಅಂಗಡಿಗೆ ಹೋಗಿ ಮಾನ ಉಳಿಸಿಕೊಂಡು ಬಂದವರಿಲ್ಲ. ಬೈಕು ಕೆಟ್ಟಿದೆ ಎಂದರೆ ಸಾಕು, "ಎಂಗ್ ಕೂಗ್ತದೆ? ಬಾಯಲ್ ಮಾಡ್ ತೋರ್ಸು ಕಣ್ಲಾ" ಎನ್ನುತ್ತಿದ್ದ. ಗೆಜ್ಜಲಗೆರೆ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಎನಿಸಿಕೊಂಡ ನಾನು ಬೀದಿಯವರ ಮುಂದೆ 'ಕಟಕಟ ಗುರ್ರ್' ಎಂದು ಕೂಗಬೇಕಿತ್ತು. ನನ್ನ ಬಾಯನ್ನೇ ದಿಟ್ಟಿಸಿ, ಇಂಜಿನ್ ಮೇಲೆ ಅಂಗೈ ಇಟ್ಟು, "ಚೈನ್ ಸಡ್ಲ. ಅಷ್ಟೂ ಗೊತ್ತಾಗಲ್ವಾ? ಓದಿದ್ದೆಲ್ಲ ದಂಡ" ಎನ್ನುತ್ತಿದ್ದ. ಒಂದು ಸಲವಾದರೂ ತಪ್ಪಬೇಕಲ್ಲ! ತಪ್ಪುತ್ತಿರಲಿಲ್ಲ. ಅದೇ ನನಗೆ ಉರಿ.

"ಕಂಪ್ನಿಯೋರ್ಗೆ ಕಂಪ್ಯೂಟ್ರು ಬೇಕು. ನಂಗೆ ಈ ಕಿವಿ ಅನ್ನ ಆಕ್ತದೆ ಕಣ್ಲಾ" ಎಂಬ ಜಂಬ ಬೇರೆ. ರೇಸ್ ಕಾರುಗಳ ಸದ್ದಿಗೆ ಆ ಕಿವಿ ಸೋತು ಜಂಬ ಇಳಿಯಲೆಂದೇ ಎರಡು ಟಿಕೆಟ್ ಕೊಂಡು ಚೆನ್ನೈನ ಹೆಸರಾಂತ ರೇಸ್ ಟ್ರ್ಯಾಕಿಗೆ ಕರೆದೊಯ್ದೆ.

ಟ್ರ್ಯಾಕ್ ಕಂಡದ್ದೇ ಮೂಗು ಮುರಿದ. "ಒಂದ್ ಗುಂಡಿ ಇಲ್ಲ, ಎದುರ್ಗೆ ಕಬ್ಬಿನ್ ಗಾಡಿ ಇಲ್ಲ. ಇಲ್ ಓಡ್ಸಕ್ಕೆ ಇಷ್ಟ್ ಬಡಿವಾರ್ವಾ? ಮಳವಳ್ಳಿ ರೋಡ್ಗೆ ಬರಕ್ಕೇಳು ಇವ್ರ್ನ."

ರೇಸ್ ಶುರುವಾಯಿತು. ಅಬ್ಬಬ್ಬಾ, ಎದೆಗೂಡೇ ಅದುರಿತು! ಸುತ್ತಲಿನವರೆಲ್ಲ ಕಿವಿ ಮುಚ್ಚಿಕೊಂಡರು, ನಾನೂ ಮುಚ್ಚಿಕೊಂಡೆ. ಬೋರಣ್ಣ ಮಾತ್ರ ಕೈಕಟ್ಟಿ ನಿಂತಿದ್ದ. ಕಾರುಗಳು ದಾಟಿದ ಮೇಲೆ ಉಗಿದ: "ಥೂ, ಇವೂ ಒಂದ್ ಗಾಡಿಗಳಾ? ಸೊಳ್ಳೆ ಗುಂಯ್ ಅಂದಂಗದೆ. ಸದ್ದೇ ಇಲ್ಲ."

ನಾನು ಕಿವಿಯಿಂದ ಕೈ ತೆಗೆದು ಅವನತ್ತ ತಿರುಗಿದೆ. ಮುದುಕನಿಗೆ ಕಿವಿ ಹೋಗಿತ್ತು. ನಮ್ಮ ತುಟಿ ನೋಡಿ, ಅಂಗೈಗೆ ತಾಗಿದ ನಡುಕ ನಂಬಿ, ಎಷ್ಟು ವರ್ಷದಿಂದ ರಿಪೇರಿ ಮಾಡುತ್ತಿದ್ದನೋ! ಗುಟ್ಟು ಬಯಲಾಯಿತೆಂದು ನನ್ನ ಮುಖ ನೋಡಿಯೇ ಅವನಿಗೂ ಗೊತ್ತಾಯಿತು. ಕಿವಿ ಕೇಳದ ಮೆಕ್ಯಾನಿಕ್ಕಿನ ಹತ್ತಿರ ಗಾಡಿ ಬಿಡುವವರು ಯಾರು?

"ಊರಲ್ ಯಾರ್ಗೂ ಏಳ್ಬ್ಯಾಡ ಕಣ್ಲಾ" ಎಂದ. ಮೊದಲ ಸಲ ಅವನ ದನಿ ಇಳಿದಿತ್ತು. ನನಗೆ ನನ್ನ ಮೇಲೇ ಅಸಹ್ಯವಾಯಿತು. ಸ್ವಲ್ಪ ಹೊತ್ತಿಗೆ ತಡೆಯಲಾರದೆ ಮೊಣಕೈಯಿಂದ ತಿವಿದ: "ಆ ಕೆಂಪ್ ಗಾಡಿ ಎಂಗ್ ಕೂಗ್ತು?"

ಅಷ್ಟು ಜನರ ನಡುವೆ ಬಾಯಿ ಅಗಲಿಸಿ ಕೂಗಿದೆ. ತುಟಿಯನ್ನೇ ನೋಡಿ, "ವಾಲ್ವ್ ಸರಿ ಇಲ್ಲ. ದಂಡಪಿಂಡಗಳು!" ಎಂದು ಖುಷಿಪಟ್ಟ.

ನಾನು ಯಾರಿಗೂ ಹೇಳಲಿಲ್ಲ. ಹೋದ ವರ್ಷ ಅವನು ತೀರಿಕೊಳ್ಳುವವರೆಗೂ ಅಂಗಡಿ ನಡೆಯಿತು.

ಮೊನ್ನೆ ಬೈಕನ್ನು ಮಂಡ್ಯದ ಸರ್ವಿಸ್ ಸೆಂಟರಿಗೆ ಒಯ್ದೆ. ಏನು ತೊಂದರೆ ಎಂದು ಕೌಂಟರಿನಾಕೆ ಕೇಳಿದಳು. ಅಭ್ಯಾಸಬಲ, 'ಕಟಕಟ ಗುರ್ರ್' ಎಂದುಬಿಟ್ಟೆ. ಆಕೆ ಕಂಪ್ಯೂಟರಿನಿಂದ ತಲೆ ಎತ್ತಲೇ ಇಲ್ಲ.