ಕೊರಿಯರ್ ಆಫೀಸಿನಲ್ಲಿ ಬೀಡಿ ಕಟ್ಟಿದ ದಮಯಂತಿಯಕ್ಕ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುತ್ತಾರಂತೆ. ನಂಬದವರು ನನ್ನನ್ನು ಕೇಳಿ. ಎರಡು ಸಾವಿರದ ಒಂಬತ್ತನೆಯ ಇಸವಿಯಲ್ಲಿ ಆ ಎಮ್ಮೆ ನಾನೇ ಆಗಿದ್ದೆ.

ಗುರುವಾಯನಕೆರೆಯಲ್ಲಿ ನನ್ನದೊಂದು ಕೊರಿಯರ್ ಆಫೀಸು. ಆಫೀಸು ಅಂದರೆ ಒಂದು ಮೇಜು, ಒಂದು ಬೆಂಚು, ಒಂದು ಫೋನು. ಯಾರೋ ಕಳಿಸಿದ್ದನ್ನು ಯಾರಿಗೋ ಮುಟ್ಟಿಸಿ ಸಹಿ ಹಾಕಿಸಿಕೊಂಡರೆ ನನ್ನ ಕೆಲಸ ಮುಗಿಯಿತು. ಒಳಗೆ ಚಿನ್ನ ಉಂಟಾ ಸೆಗಣಿ ಉಂಟಾ ಎಂದು ನಾನು ನೋಡುವ ಕ್ರಮವಿಲ್ಲ. ಇಷ್ಟನ್ನು ದಮಯಂತಿಯಕ್ಕನಿಗೆ ಅರ್ಥ ಮಾಡಿಸಲು ಮಾತ್ರ ನನ್ನಿಂದ ಆಗಲಿಲ್ಲ.

ದಮಯಂತಿಯಕ್ಕ ಲಂಗ ತೊಡುವ ಪ್ರಾಯದಿಂದ ಬೀಡಿ ಕಟ್ಟುತ್ತ ಬಂದವರು. ಮಜೂರಿ ಸಿಕ್ಕಿದ್ದೇ ಗಂಡ ಹುಕ್ರಪ್ಪಣ್ಣನ ಕೈಗೆ, ಅಲ್ಲಿಂದ ಅಕ್ಕಿಗೆ, ಮಕ್ಕಳ ಫೀಸಿಗೆ. ಆ ವರ್ಷ ಬೋನಸ್ ಬಂದಾಗ ಅವರು ಹಟ ಹಿಡಿದರು.

"ಇದು ನನಗೆ. ಮಿಕ್ಸಿ ತೆಗೀತೇನೆ. ಹಗಲಿಡೀ ಬೀಡಿ, ಸಂಜೆಗೆ ಅರೆಯುವ ಕಲ್ಲು. ನನ್ನ ಕೈ ಎಂತ ಕಬ್ಬಿಣದ್ದಾ?"

"ಮಿಕ್ಸಿಯಲ್ಲಿ ಅರೆದ ಸಾರು ನಾಯಿಯೂ ಮೂಸುದಿಲ್ಲ. ದುಡ್ಡು ಹೊಳೆಗೆ ಹಾಕಿದ ಹಾಗೆ" ಎಂದರು ಅತ್ತೆ. ಹುಕ್ರಪ್ಪಣ್ಣ ತಾಯಿಯ ಮಾತಿಗೆ ತಲೆ ಆಡಿಸಿದರು. ಈ ದುಡ್ಡು ಹೋಯಿತೆಂದರೆ ಇನ್ನು ಜೀವಮಾನವಿಡೀ ಆ ಮನೆಯಲ್ಲಿ ದಮಯಂತಿಯಕ್ಕ "ನನ್ನ ದುಡ್ಡು" ಎಂದು ಬಾಯಿ ತೆರೆಯುವ ಹಾಗಿರಲಿಲ್ಲ.

ನಮ್ಮ ಎದುರಿನ ಸೈಬರ್‌ನವನು ಕಂಪ್ಯೂಟರಿನಲ್ಲಿ ಯಾವುದೋ ಕಂಪೆನಿ ಹುಡುಕಿ, ಅಂಗಡಿಗಿಂತ ಅಗ್ಗಕ್ಕೆ ಆರ್ಡರ್ ಹಾಕಿಕೊಟ್ಟ. ಪಾರ್ಸೆಲ್ ನನ್ನ ಮೂಲಕ ಬಂತು. ದಮಯಂತಿಯಕ್ಕ ಸೆರಗಿನ ಗಂಟು ಬಿಚ್ಚಿ ದುಡ್ಡನ್ನು ನನ್ನ ಕೈಗೇ ಎಣಿಸಿದರು. ಮನೆಗೆ ಹೋಗಿ ಒಡೆದರೆ ಒಳಗೆ ಹೊಟ್ಟೆ ಕರಗಿಸುವ ಬೆಲ್ಟು! ಹುಕ್ರಪ್ಪಣ್ಣನ ಸೊಂಟಕ್ಕೆ ಎರಡು ಸುತ್ತು ಬಂದು ಮತ್ತೂ ಉಳಿಯಿತಂತೆ. ಅತ್ತೆ ನಕ್ಕ ನಗು ಪಕ್ಕದ ಮನೆಗೂ ಕೇಳಿತಂತೆ.

ಕಂಪೆನಿಗೆ ಫೋನ್ ಮಾಡಿದರೆ ಬರೀ ಸಂಗೀತ. ಕೊನೆಗೊಬ್ಬಳು ಸಿಕ್ಕಿ, ಒಡೆದ ಪೆಟ್ಟಿಗೆ ಹಿಂದೆ ತೆಗೆದುಕೊಳ್ಳುವುದಿಲ್ಲ ಎಂದಳು. ಸೈಬರ್‌ನವನು "ನಾನು ಬಟನ್ ಒತ್ತಿದವ ಮಾತ್ರ" ಎಂದು ಜಾರಿಕೊಂಡ. ಉಳಿದವನು ಯಾರು? ನಾನು, ಬಡಪಾಯಿ ಧರ್ಣಪ್ಪ.

"ಅಕ್ಕ, ನಾನು ತಂದುಕೊಟ್ಟವ ಅಷ್ಟೆ. ನಿಮ್ಮ ದುಡ್ಡು ಆವತ್ತೇ ಕಂಪೆನಿಗೆ ಹೋಗಿ ಆಯ್ತು."

"ಕಂಪೆನಿಯ ಮುಖ ನಾನು ನೋಡ್ಲಿಲ್ಲ ಧರ್ಣಪ್ಪಣ್ಣ. ದುಡ್ಡು ತೆಗೊಂಡ ಕೈ ನಿಮ್ದು. ಅದು ಬರುವವರೆಗೆ ನಾನು ಇಲ್ಲೇ."

ಮರುದಿನ ಬೆಳಿಗ್ಗೆ ಬೀಡಿಯ ಮೊರ ಹಿಡಿದುಕೊಂಡೇ ಬಂದರು. ಬೆಂಚಿನ ಮೇಲೆ ಕೂತು, ಮೊರ ತೊಡೆಗೇರಿಸಿ, ಎಲೆ ಕತ್ತರಿಸಲು ಶುರು ಮಾಡಿದರು. ಧರಣಿ ಕೂತವರಿಗೆ ಕೂಲಿ ನಷ್ಟ ಆಗುತ್ತದೆ ಎಂದು ಕೇಳಿದ್ದೆ. ಈ ಮಹಾತಾಯಿಗೆ ಅದೂ ಇಲ್ಲ! ಹೊಗೆಸೊಪ್ಪಿನ ಘಾಟಿಗೆ ಗಿರಾಕಿಗಳೆಲ್ಲ ಸೀನುತ್ತ ಸಹಿ ಹಾಕಿದರು. ಬಂದವರಿಗೆಲ್ಲ ಬೆಲ್ಟಿನ ಕಥೆ ಮೊದಲಿನಿಂದ. ಎರಡನೇ ವಾರಕ್ಕೆ ನೆರೆಮನೆಯ ಹೆಂಗಸರೂ ತಮ್ಮ ತಮ್ಮ ಮೊರದೊಂದಿಗೆ ಹಾಜರು. ನನ್ನ ಆಫೀಸು ಬೀಡಿ ಬ್ರಾಂಚಾಯಿತು. ನಾನು ಹೊರಗೆ ಸ್ಟೂಲಿನ ಮೇಲೆ.

ಪಕ್ಕದ ಬಟ್ಟೆ ಅಂಗಡಿಯ ಇದಿನಬ್ಬರಿಗೆ ನನ್ನ ಅವಸ್ಥೆ ನೋಡಿ ಕನಿಕರ ಬಂತು.

"ತಪ್ಪು ಸಾಮಾನು ಕೊಟ್ರೆ ದುಡ್ಡು ವಾಪಸ್ ಕೊಡ್ಲೇಬೇಕು ಮಾರಾಯ್ರೆ, ಕಾನೂನು ಉಂಟು. ಒಂದು ನೋಟಿಸ್ ಬರೀರಿ, ರಿಜಿಸ್ಟರ್ಡ್ ಪೋಸ್ಟ್ ಮಾಡಿ. ಕೊಡದಿದ್ರೆ ಮಂಗಳೂರಿನ ಗ್ರಾಹಕರ ವೇದಿಕೆಗೆ ಹೋಗುವ."

ನಾನು ಪೆನ್ನು ಹಿಡಿದೆ. ದಮಯಂತಿಯಕ್ಕ ಕೈ ನಿಲ್ಲಿಸದೆ ಹೇಳಿ ಬರೆಸಿದರು. "ಬರೀರಿ. ನಮ್ಮ ಒಂದು ಬೀಡಿ ಸಡಿಲ ಆದ್ರೆ ಬೀಡಿ ತೆಗೊಳ್ಳುವ ಬ್ರಾಂಚಿನವರು ಮುರಿದು ಬಿಸಾಡ್ತಾರೆ. ನೀವು ಮಿಕ್ಸಿ ಅಂತ ಬೆಲ್ಟ್ ಕಳಿಸಿ ಸುಮ್ಮನೆ ಕೂತ್ರೆ ನಾವು ಬಿಡ್ಬೇಕಾ? ಬೆಲ್ಟಿನಲ್ಲಿ ತೆಂಗಿನಕಾಯಿ ಅರೆಯುದು ಹೇಗೆ ಅಂತ ಜಡ್ಜಿನ ಎದುರು ಬಂದು ತೋರಿಸಿ." ಕೊನೆಗೆ ಕಾನೂನಿನ ಎರಡು ಸಾಲು ಇದಿನಬ್ಬರು ಸೇರಿಸಿದರು. ಬೆಂಚಿನ ಮೇಲಿದ್ದ ಅಷ್ಟೂ ಹೆಂಗಸರು ಸಾಕ್ಷಿಗೆಂದು ಸಹಿ ಹಾಕಿದರು.

ಫೋನ್ ಎತ್ತದ ಕಂಪೆನಿ ತಾನಾಗಿ ಫೋನ್ ಮಾಡಿತು! ಬೆಲ್ಟು ಹಿಂದೆ ಹೋಯಿತು. ಸ್ವಲ್ಪ ದಿನದಲ್ಲಿ ಚೆಕ್ಕು ಬಂತು, ಅದೂ ನನ್ನ ಕೊರಿಯರಿನಲ್ಲೇ. ನನ್ನ ಬೆಂಚು ಬಿಡುಗಡೆಯಾದ ಖುಷಿಗೆ ನಾನೂ ದಮಯಂತಿಯಕ್ಕನ ಹಿಂದೆಯೇ ಅವರ ಮನೆಗೆ ಓಡಿದೆ. ಅತ್ತೆ ಚೆಕ್ಕನ್ನು ತಿರುಗಿಸಿ ಮುರುಗಿಸಿ ನೋಡಿದರು. ಹುಕ್ರಪ್ಪಣ್ಣ ಕೈ ಚಾಚಿದರು.

"ಕೊಡು, ನನ್ನ ಖಾತೆಗೆ ಹಾಕುವ. ನಿನಗೆ ಖಾತೆ ಎಲ್ಲುಂಟು?"

"ಇಲ್ಲದಿದ್ರೆ ಮಾಡಿಸಿದರಾಯ್ತು." ದಮಯಂತಿಯಕ್ಕ ಚೆಕ್ಕನ್ನು ಹಿಂದಕ್ಕೆ ತೆಗೆದುಕೊಂಡರು. ದನಿ ಏರಿಸಲಿಲ್ಲ. "ಮುಖ ನೋಡದ ಕಳ್ಳ ಕಂಪೆನಿಯವ ಕೂಡ ಇದು ದಮಯಂತಿಯ ದುಡ್ಡು ಅಂತ ಬರೆದು ಕೊಟ್ಟ. ನೀವು ಇಷ್ಟು ವರ್ಷದಲ್ಲಿ ಬಾಯಿ ಮಾತಿಗಾದ್ರೂ ಹೇಳಿದ್ದುಂಟಾ?"

ಹುಕ್ರಪ್ಪಣ್ಣ ಕೈ ಹಿಂದಕ್ಕೆಳೆದುಕೊಂಡು ಅಂಗಳಕ್ಕೆ ಇಳಿದರು. ನಗುವುದಕ್ಕೆ ಹೊರಟ ನನಗೆ ನಮ್ಮ ಮನೆಯ ನೆನಪಾಯಿತು. ನನ್ನ ಹೆಂಡತಿಯೂ ಬೀಡಿ ಕಟ್ಟುವವಳೇ.

ಮರುದಿನ ಬ್ಯಾಂಕಿನಲ್ಲಿ ದಮಯಂತಿಯಕ್ಕನ ಖಾತೆಗೆ ಪರಿಚಯದವರ ಸಹಿ ಹಾಕಿದವನು ನಾನು. ಹೊರಡುವ ಮೊದಲು ಇನ್ನೊಂದು ಖಾಲಿ ಫಾರ್ಮು ಕೇಳಿ, ಮಡಚಿ ಜೇಬಿಗೆ ಹಾಕಿಕೊಂಡು ಮನೆಗೆ ಹೋದೆ.