ಕನ್ನಡಿಗೂ ಮೊದಲು ನನ್ನನ್ನು ಕಂಡ ಕಣ್ಣು

"ಮುಂದ್ಕೆ ಬರ್ಬೇಡಿ ತಾಯಿ!" ಎಂದು ಶಿಲ್ಪಿ ಕೂಗುವಷ್ಟರಲ್ಲಿ ನಾನು ಪ್ರತಿಮೆಯ ಎದುರು ಬಂದು ನಿಂತಾಗಿತ್ತು.

ಚಟ್ನಿಗೊಂದು ಪುಟ್ಟ ಒರಳುಕಲ್ಲು ಕೊಳ್ಳಲೆಂದು ಶಾಂತಿಗ್ರಾಮದ ರಸ್ತೆಬದಿಯ ಅವರ ಶೆಡ್ಡಿಗೆ ಹೋಗಿದ್ದೆ. ಆಗ ನನಗೆ ಏಳು ತಿಂಗಳು ತುಂಬಿತ್ತು. ಒಳಗೆ ನಿಲುವಂಗಿ ತೊಟ್ಟ, ಗಡ್ಡದ ಕಪ್ಪುಕಲ್ಲಿನ ಮೂರ್ತಿ ಕಂಡು, ಇದ್ಯಾವ ದೇವರೆಂದು ಹತ್ತಿರ ಹೋದದ್ದೇ ತಪ್ಪಾಯಿತು.

ಶಿಲ್ಪಿ ಉಳಿ ಕೆಳಗಿಟ್ಟರು. "ಈಗ್ತಾನೆ ಕಣ್ಣು ಬಿಡಿಸ್ದೆ ಕಣವ್ವ. ಮೊದ್ಲ ನೋಟ ಬಲು ಉಗ್ರ, ಕನ್ನಡಿ ಮ್ಯಾಲೆ ಬೀಳ್ಬೇಕಿತ್ತು. ಬಸುರಿ ಎಂಗ್ಸು ಅಡ್ಡ ಬಂದ್ಬುಟ್ರಲ್ಲ!" ಎಂದರು. ಕನ್ನಡಿ ಇನ್ನೂ ಅವರ ಕಂಕುಳಲ್ಲೇ ಇತ್ತು.

"ಯಾವ ದೇವ್ರು ಇದು?" ಎಂದೆ.

"ದೇವ್ರಲ್ಲ, ಅರ್ಮೇನಿಯಾ ದೇಸದ ದೊಡ್ಡ ಸಂಗೀತಗಾರ್ರು. ಮೈಸೂರಿನ ಪಾರ್ಕಲ್ಲಿ ನಿಲ್ಸ್ತಾರೆ. ತಮ್ಮ ಜನಾನ ಕಡಿದಾಕಿದ್ನ ಕಣ್ಣಾರೆ ಕಂಡು, ಆಮ್ಯಾಕೆ ಪದಾನೂ ಇಲ್ಲ, ಮಾತೂ ಇಲ್ಲ, ಮೂಕರಾಗೋದ್ರಂತೆ. ಮನುಸರಾದ್ರೇನು, ಕಣ್ಣು ಕಣ್ಣೇ ಅಲ್ವಾ?"

ಒರಳು ಕೊಳ್ಳದೆ ಬಸ್ಸು ಹತ್ತಿದೆ. ಹೊಳೆನರಸೀಪುರ ತಲುಪುವವರೆಗೂ ಸೆರಗಿನಿಂದ ಹೊಟ್ಟೆ ಮುಚ್ಚಿಕೊಂಡೇ ಕುಳಿತಿದ್ದೆ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು ನಾನು; ಮಗು ಮೂಕವಾದೀತೆಂಬ ಈ ಭಯವನ್ನು ಗಂಡನ ಹತ್ತಿರ ಹೇಳಿಕೊಳ್ಳಲೂ ನಾಚಿಕೆ. ಆದರೆ ಮಗು ಒಂದು ಗಳಿಗೆ ಒದೆಯದಿದ್ದರೂ ಆ ಕಲ್ಲಿನ ಕಣ್ಣು ಎದುರಿಗೆ ಬರುತ್ತಿತ್ತು.

ಹೆರಿಗೆಯಾದಾಗ ಮಗಳು ಕೂಡಲೇ ಅಳಲಿಲ್ಲ. ನರ್ಸ್ ಅವಳ ಬೆನ್ನು ಉಜ್ಜುತ್ತಲೇ ಇದ್ದರು. ಕೊನೆಗೆ ಕಿಟಾರನೆ ಕಿರುಚಿದಳು.

ಅವಳಿಗೀಗ ನಾಲ್ಕು ವರ್ಷ. ಅವಳ ಗಲಾಟೆಗೆ ಮನೆಯವರೆಲ್ಲ ರೋಸಿಹೋಗಿದ್ದಾರೆ. ಯಾರಾದರೂ "ಸುಮ್ನಿರೇ" ಎಂದು ಗದರಿದಾಗ ಅವಳು ತಟ್ಟನೆ ಸುಮ್ಮನಾಗಿಬಿಟ್ಟರೆ, ಕೈಯಲ್ಲಿನ ಕೆಲಸ ಬಿಟ್ಟು ಓಡಿಹೋಗಿ ಅವಳನ್ನು ಮಾತಾಡಿಸುತ್ತೇನೆ.